ಕಡಲರಾಣಿಯ ಏಡಿಗೈ

"ರೋಗಿಯ ಹೆಸರು ಹೇಳಿ ಮೇಡಂ," ಎಂದಳು ಆಸ್ಪತ್ರೆಯ ಕೌಂಟರಿನ ಹುಡುಗಿ.

ಮಿತ್ಸುಯೊ ಬಾಯಿ ತೆರೆದಳು, ಮುಚ್ಚಿದಳು. ಹದಿನಾರು ವರ್ಷಗಳಿಂದ ಗೆಳತಿ. ಅವಳ ತಲೆಯ ಸುತ್ತಳತೆ ಐವತ್ತೈದೂವರೆ ಸೆಂಟಿಮೀಟರ್. ಎಡ ಮಣಿಕಟ್ಟು ಹದಿನಾಲ್ಕು, ಬಲದ್ದು ಹದಿನಾಲ್ಕೂವರೆ. ಭುಜದಿಂದ ಮೊಣಕೈಗೆ ಮೂವತ್ತೊಂದು. ಇದನ್ನೆಲ್ಲ ಮಿತ್ಸುಯೊ ನಿದ್ದೆಗಣ್ಣಲ್ಲೂ ತಡವರಿಸದೆ ಹೇಳಬಲ್ಲಳು. ಹೆಸರು ಮಾತ್ರ ಗೊತ್ತಿಲ್ಲ.

"ಸಾಬಾ ಅಂತ," ಎಂದಳು ಕೊನೆಗೆ.

"ಸಾಬಾ ಅಂದ್ರೆ... ಬಂಗುಡೆ ಮೀನಾ?"

"ಹೌದು. ಅದು ವೇಷದ ಹೆಸರು. ನಾವು ಕಾಸ್‌ಪ್ಲೇ ಮಾಡೋರು. ಐದನೇ ಮಹಡಿಲಿ ಇದಾಳೆ. ಮೂವತ್ತೊಂಬತ್ತು ವಯಸ್ಸು, ತೆಳ್ಳಗೆ, ಎತ್ತರ. ಹೊಟ್ಟೆ ಆಪರೇಷನ್ನು."

ಹುಡುಗಿ ತಲೆ ಬಗ್ಗಿಸಿ ಕ್ಷಮೆ ಕೇಳಿದಳು. ಹೆಸರಿಲ್ಲದೆ ಯಾರ ವಿಷಯವನ್ನೂ ಹೇಳುವಂತಿಲ್ಲ. ಇದ್ದಾರೆ ಎಂದೂ ಹೇಳುವಂತಿಲ್ಲ, ಇಲ್ಲ ಎಂದೂ ಹೇಳುವಂತಿಲ್ಲ. ಎಷ್ಟು ವಿನಯವಾಗಿ ಹೇಳಿದಳೆಂದರೆ ಅವಳ ಮೇಲೆ ರೇಗುವುದಕ್ಕೂ ದಾರಿಯಿರಲಿಲ್ಲ. ಮಿತ್ಸುಯೊ ತನ್ನ ದೊಡ್ಡ ಸೂಟ್‌ಕೇಸನ್ನು ಎಳೆದುಕೊಂಡು ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಸಿದಳು.

ಕಾಸ್‌ಪ್ಲೇ ಎಂದು ಕಥೆಗಳ ಪಾತ್ರಗಳ ವೇಷ ಕಟ್ಟುವವರಲ್ಲಿ ಅದು ಹಾಗೇ. ಪ್ರತಿಯೊಬ್ಬರೂ ಒಂದು ಹೆಸರು ಇಟ್ಟುಕೊಳ್ಳುತ್ತಾರೆ, ಆ ಹೆಸರಿನಲ್ಲೇ ಸೇರುತ್ತಾರೆ, ನಗುತ್ತಾರೆ, ಮುನಿಸಿಕೊಳ್ಳುತ್ತಾರೆ. ನಿಜವಾದ ಹೆಸರೇನು, ಕೆಲಸ ಎಲ್ಲಿ, ಮದುವೆಯಾಗಿದೆಯಾ ಎಂದು ಕೇಳುವುದು ಇವರ ಲೆಕ್ಕದಲ್ಲಿ ಒರಟುತನ. ತಾವಾಗಿ ಹೇಳಿದರೆ ಸರಿ, ಇಲ್ಲದಿದ್ದರೆ ಇಲ್ಲ. ಬಂಗುಡೆ ಸಾರು ಅಂದರೆ ಪ್ರಾಣ ಬಿಡುವವಳು ಸಾಬಾ ಆದಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಅಂಟು ಮೆತ್ತಿಕೊಂಡಿರುವ ಮಿತ್ಸುಯೊ ನೋರಿ ಆದಳು. ನೋರಿ ಎಂದರೆ ಅಂಟು. ಅಷ್ಟು ಸಾಕಾಗಿತ್ತು. ಇಷ್ಟು ವರ್ಷ ದೊಡ್ಡ ಮರ್ಯಾದೆ ಎಂದುಕೊಂಡಿದ್ದು ಎಂಥ ಮೂರ್ಖತನ ಎಂದು ಅವಳಿಗೆ ಈಗ ಹೊಳೆಯಿತು.

ಬೆಳಿಗ್ಗೆ ಬಂದರಿನ ಹತ್ತಿರದ ಸಭಾಂಗಣದಲ್ಲಿ ಐದು ಜನ ಸೇರಿ ಒಂದೇ ಕಥೆಯ ಪಾತ್ರಗಳಾಗಿ ಫೋಟೋ ತೆಗೆಸಿಕೊಳ್ಳಬೇಕಿತ್ತು. ನಾಲ್ಕೇ ಜನ ಬಂದರು. ನಡುವೆ ನಿಲ್ಲಬೇಕಿದ್ದ ಕಡಲರಾಣಿ ಸಾಬಾ. ಆ ರಾಣಿಗೆ ಎಡಗೈ ಇಲ್ಲ. ಅದರ ಜಾಗದಲ್ಲಿ ಆಳೆತ್ತರದ ಕೆಂಪು ಏಡಿಯ ಕೈ. ಅದನ್ನು ಮಾಡಿದವಳು ಮಿತ್ಸುಯೊ. ಅವಳು ಯಾವತ್ತೂ ವೇಷ ಹಾಕಿದವಳಲ್ಲ, ಸಾಬಾಗೆ ಮಾಡಿ ತೊಡಿಸುವುದಷ್ಟೇ.

"ಸಾಬಾಳ ನಿಜವಾದ ಹೆಸರು ಯಾರಿಗಾದ್ರೂ ಗೊತ್ತಾ?" ಎಂದು ಮಿತ್ಸುಯೊ ಅವರನ್ನು ಕೇಳಿದ್ದಳು.

ನಾಲ್ವರೂ ಮುಖ ಮುಖ ನೋಡಿಕೊಂಡಿದ್ದರು. ಗುಂಪಿನ ಕಿರಿಯಳು ತೋಫು. "ನಿಮಗೇ ಗೊತ್ತಿಲ್ವಾ ನೋರಿ ಅಕ್ಕ? ನಾವು ನೀವಿಬ್ರು ಅಕ್ಕತಂಗೀರು ಅಂದ್ಕೊಂಡಿದ್ವಿ," ಎಂದಳು. ಆಮೇಲೆ ಏಡಿಯನ್ನು ನೋಡಿ, "ಇಷ್ಟು ಕಷ್ಟಪಟ್ಟಿದೀರ, ಇವತ್ತಿಗೆ ನಾನು ಹಾಕ್ಕೊಳ್ಲಾ?" ಎಂದಳು.

"ನಿನ್ನ ಕೈಗೆ ಕೂರಲ್ಲ," ಎಂದು ಮಿತ್ಸುಯೊ ಸಿಡುಕಿದ್ದಳು. ಕೂರುತ್ತಿತ್ತೋ ಏನೋ. ಏಡಿಯನ್ನು ಮೂರು ತುಂಡಾಗಿ ಬಿಚ್ಚಿ, ಸೂಟ್‌ಕೇಸಿಗೆ ತುಂಬಿ, ಮಧ್ಯಾಹ್ನದ ರೈಲಿನಲ್ಲಿ ನೇರ ಇಲ್ಲಿಗೆ ಬಂದಿದ್ದಳು.

ಎಂಟು ದಿನದ ಹಿಂದೆ ಸಾಬಾ ಕಳಿಸಿದ ಸಂದೇಶ ಇಷ್ಟೇ. "ಹೊಟ್ಟೆಲಿ ಏನೋ ಗಡ್ಡೆಯಂತೆ. ಮಂಗಳವಾರ ಕೊಯ್ತಾರೆ. ಊಟಕ್ಕೆ ಉಪ್ಪೇ ಇಲ್ಲ, ಅದೇ ದೊಡ್ಡ ಸಂಕಟ. ಏಡಿ ಒಣಗಿತಾ?" ಜೊತೆಗೆ ಕಿಟಕಿಯಿಂದ ತೆಗೆದ ಒಂದು ಫೋಟೋ: ಕೆಳಗೆ ಪಾರ್ಕಿಂಗ್ ಜಾಗ, ಮೂರು ಗಿಂಕೊ ಮರ, ಬಸ್ ನಿಲ್ದಾಣದ ನೀಲಿ ಚಾವಣಿ. "ಐದನೇ ಮಹಡಿಯ ವೈಭೋಗ" ಎಂದು ಬರೆದಿದ್ದಳು. ಯಾವ ಆಸ್ಪತ್ರೆ ಎಂದು ಮಿತ್ಸುಯೊ ಕೇಳಬೇಕಿರಲಿಲ್ಲ. ಅವಳ ಅಪ್ಪ ಕೊನೆಯ ಆರು ತಿಂಗಳು ಮಲಗಿದ್ದು ಇಲ್ಲೇ. ಆ ಪಾರ್ಕಿಂಗನ್ನು ನೋಡಿ ನೋಡಿ ಅವಳ ಕಣ್ಣು ಸವೆದಿತ್ತು. "ಒಣಗಿತು. ಬೇಗ ಬಾ," ಎಂದು ಉತ್ತರ ಬರೆದಳು. ಅದರ ಪಕ್ಕದಲ್ಲಿ ಓದಿದ ಗುರುತು ಇವತ್ತಿಗೂ ಮೂಡಿರಲಿಲ್ಲ.

ಸುಸ್ತಾಗಿತ್ತು. ಇವತ್ತಿನ ಸುಸ್ತಲ್ಲ. ಮಿತ್ಸುಯೊಗೆ ನಲವತ್ತೊಂದು. ಬೆಳಿಗ್ಗೆ ಐದಕ್ಕೆ ಸೂಪರ್ ಮಾರ್ಕೆಟ್ಟಿನ ಕರಿದ ತಿಂಡಿಯ ವಿಭಾಗದಲ್ಲಿ ಎಣ್ಣೆ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಕೊರೊಕ್ಕೆ ಎಂಬ ಆಲೂಗಡ್ಡೆ ವಡೆ ಕರಿಯುವುದು. ಮನೆಗೆ ಬಂದರೆ ನೂರು ಯೆನ್ ಅಂಗಡಿಯ ಫೋಮ್ ಹಾಸುಗಳು. ಮಕ್ಕಳು ಬಿದ್ದರೆ ಪೆಟ್ಟಾಗದಿರಲೆಂದು ನೆಲಕ್ಕೆ ಜೋಡಿಸುವ ಹಾಸು ಅದು. ಕತ್ತರಿಸು, ಬಿಸಿಗಾಳಿ ಹಾಯಿಸಿ ಬಗ್ಗಿಸು, ಅಂಟು ಹಚ್ಚು, ಕಾಯಿ, ಒತ್ತು. ಮೇಲೆ ಮರಗೆಲಸದ ಅಂಟನ್ನು ನಾಲ್ಕು ಸಲ ಬಳಿ, ಆಮೇಲೆ ಬಣ್ಣ. ಏಡಿಯ ಇಕ್ಕಳ ತೆರೆದು ಮುಚ್ಚಲು ಹಳೆಯ ಸೈಕಲ್ಲಿನ ಬ್ರೇಕ್ ತಂತಿ. ಮೈಮೇಲಿನ ಮುಳ್ಳುಗಳು ಪಾನೀಯದ ಬಾಟಲಿಯ ಮುಚ್ಚಳಗಳು. ಊಟದ ಮೇಜಿನ ಮೇಲೆ ಊಟ ಮಾಡಿ ಎಷ್ಟೋ ವರ್ಷವಾಗಿತ್ತು. ಅಂಟಿನ ವಾಸನೆಗೆ ತಲೆ ಸಿಡಿಯುತ್ತಿತ್ತು, ಬಲ ಭುಜ ಮೇಲೇಳುತ್ತಿರಲಿಲ್ಲ.

ಈ ಏಡಿಯೇ ಕೊನೆ ಎಂದು ಅವಳು ಮಳೆಗಾಲಕ್ಕೆ ಮುಂಚೆಯೇ ತೀರ್ಮಾನಿಸಿದ್ದಳು. ಹೇಳಲು ಬಾಯಿ ಬಂದಿರಲಿಲ್ಲ. ಹೆದರಿಕೆ. ಅವರಿಬ್ಬರ ನಡುವೆ ಇದ್ದದ್ದೆಲ್ಲ ಈ ಹಾಸು, ಈ ಅಂಟು, ಮುಂದಿನ ವೇಷ ಯಾವುದು ಎಂಬ ಮಾತು. ಅದನ್ನು ನಿಲ್ಲಿಸಿದರೆ ಸಾಬಾ ಎಂಬವಳು ಈ ನಗೊಯಾ ನಗರದ ಇಪ್ಪತ್ತಮೂರು ಲಕ್ಷ ಜನರೊಳಗೆ ಕರಗಿಹೋಗುತ್ತಾಳೆ. ಫೋನಿನಲ್ಲಿ ಅವಳ ಹೆಸರಿನ ಪಕ್ಕದ ಬಂಗುಡೆಯ ಚಿತ್ರ ಉಳಿಯುತ್ತದೆ, ಅಷ್ಟೇ.

ಈಗ ಅದಕ್ಕಿಂತ ಕೆಟ್ಟ ಯೋಚನೆ ಬಂತು. ಅವಳು ಸತ್ತುಹೋಗಿದ್ದರೆ? ಯಾರೂ ತನಗೆ ಹೇಳುವುದಿಲ್ಲ. ಯಾವುದೋ ಶವಸಂಸ್ಕಾರದ ಮನೆಯ ಬಾಗಿಲಲ್ಲಿ ಅವಳ ಹೆಸರಿನ ಫಲಕ ನಿಲ್ಲಿಸಿರುತ್ತಾರೆ, ತಾನು ಕೆಲಸಕ್ಕೆ ಹೋಗುವಾಗ ಅದು ಅವಳದೆಂದು ತಿಳಿಯದೆ ಅದರ ಮುಂದೆಯೇ ಸೈಕಲ್ ತುಳಿದುಕೊಂಡು ದಾಟಿ ಹೋಗಿರಬಹುದು. ಮಿತ್ಸುಯೊಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಅವಳು ಎದ್ದು ಹೊರಗೆ ಬಂದಳು. ಪಾರ್ಕಿಂಗಿನಲ್ಲಿ ಭಾನುವಾರದ ಇಳಿಬಿಸಿಲು. ಫೋಟೋ ತೆಗೆದು ನೋಡುತ್ತ ಹೆಜ್ಜೆ ಹೆಜ್ಜೆ ಸರಿದಳು. ಮೂರು ಗಿಂಕೊ ಮರ ಹೀಗೆ ಸಾಲಾಗಬೇಕು, ನೀಲಿ ಚಾವಣಿ ಅದರ ಬಲಕ್ಕೆ ಬರಬೇಕು. ಲೆಕ್ಕ ಹಾಕಿ ತಲೆಯೆತ್ತಿದರೆ ಎದುರಿಗೆ ಐದನೇ ಮಹಡಿಯ ಏಳೆಂಟು ಕಿಟಕಿಗಳು. ಎಲ್ಲಕ್ಕೂ ಒಂದೇ ಥರದ ಬಿಳಿ ಪರದೆ.

ವೇಷದ ಒಂದು ಚೂರನ್ನೂ ಸಭಾಂಗಣದ ಹೊರಗೆ ತೋರಿಸಬಾರದು. ಇದು ಇವರ ಮೊದಲ ನಿಯಮ, ಅದರ ಕಾವಲುಗಾರ್ತಿಯೇ ಮಿತ್ಸುಯೊ. ಬಣ್ಣದ ಕೂದಲು ಬಿಚ್ಚದೆ ಪಕ್ಕದ ಅಂಗಡಿಗೆ ನೀರು ತರಲು ಹೋದ ತೋಫುವನ್ನು ಅಳುವ ಹಾಗೆ ಬೈದಿದ್ದಳು. ಅಂಥವಳು ಈಗ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಮಂಡಿಯೂರಿ ಸೂಟ್‌ಕೇಸ್ ತೆರೆದಳು. ತುಂಡುಗಳ ತುದಿಯ ಆಯಸ್ಕಾಂತಗಳು ಟಪಟಪನೆ ಕಚ್ಚಿಕೊಂಡು ಏಡಿ ಒಂದಾಯಿತು. ತೋಳಿಗೆ ಪಟ್ಟಿ ಬಿಗಿದುಕೊಂಡಳು. ಒಳಗಿನ ಹಿಡಿ ಸರಿಯಾಗಿ ಸಿಗಲಿಲ್ಲ, ಹೆಬ್ಬೆರಳು ಹಿಂಡಿತು. ಅಳತೆ ಅವಳದ್ದಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡು ಎದ್ದು ನಿಂತು, ನೋಯುವ ಭುಜವನ್ನು ಹಲ್ಲು ಕಚ್ಚಿ ಮೇಲೆತ್ತಿದಳು. ತಂತಿ ಎಳೆದಾಗ ಕೆಂಪು ಇಕ್ಕಳ ಆಕಾಶಕ್ಕೆ ಬಾಯಿ ತೆರೆಯಿತು, ಮುಚ್ಚಿತು.

ಕಾರಿಗೆ ದಾರಿ ತೋರಿಸುತ್ತಿದ್ದ ಮುದುಕ ಕಾವಲುಗಾರ ಓಡಿಬಂದ.

"ಏನಮ್ಮಾ ಇದು? ಏಡಿನಾ?"

"ಹೌದು."

"ಇಲ್ಲಿ ಇಂಥದ್ದೆಲ್ಲ ಆಡಂಗಿಲ್ಲ. ರೋಗಿಗಳಿರೋ ಜಾಗ."

"ಗೊತ್ತು ಯಜಮಾನ್ರೇ. ಇಂಥದ್ದಕ್ಕೆ ನಾನೇ ಬೇರೆಯವರನ್ನ ಬೈಯೋಳು. ಒಂದೈದು ನಿಮಿಷ."

"ಯಾರಿಗೆ ತೋರಿಸ್ತಾ ಇದೀರಿ?"

"ಐದನೇ ಮಹಡಿಲಿರೋ ಗೆಳತಿಗೆ."

"ಒಳಗೆ ಹೋಗಿ ಹೆಸರು ಹೇಳಿದ್ರೆ ಬಿಡ್ತಾರಲ್ಲ."

"ಹೆಸರು ಗೊತ್ತಿಲ್ಲ," ಎಂದಳು ಮಿತ್ಸುಯೊ. ಹೇಳುವಾಗ ಕಣ್ಣೀರು ಬಂತು. ಒರೆಸಿಕೊಳ್ಳಲು ಹೋದರೆ ಬಾಟಲಿ ಮುಚ್ಚಳ ಕೆನ್ನೆಗೆ ತಗುಲಿತು.

ಮುದುಕ ಅವಳನ್ನೂ ಏಡಿಯನ್ನೂ ಕಿಟಕಿಗಳನ್ನೂ ನೋಡಿದ. ಏನು ಅರ್ಥವಾಯಿತೋ, "ಕಾರು ಬಂದ್ರೆ ಈ ಕಡೆ ಸರೀಬೇಕು, ಆಯ್ತಾ," ಎಂದು ಹೇಳಿ ಅವಳ ಪಕ್ಕದಲ್ಲೇ ನಿಂತ.

ಐದು ನಿಮಿಷ ಹತ್ತಾಯಿತು. ಮೂರನೇ ಮಹಡಿಯಲ್ಲಿ ಒಬ್ಬ ಅಜ್ಜ ಪರದೆ ಸರಿಸಿ ಕೈಬೀಸಿದ. ನಾಲ್ಕರಲ್ಲಿ ಒಬ್ಬ ನರ್ಸ್ ನಕ್ಕಳು. ಐದರಲ್ಲಿ ಒಂದು ಪರದೆಯೂ ಅಲ್ಲಾಡಲಿಲ್ಲ. ಭುಜ ಉರಿಯತೊಡಗಿತು, ತೋಳು ನಡುಗಿ ಇಕ್ಕಳ ವಾಲಿತು. ಸಾಕು ಎನಿಸಿತು. ಎಲ್ಲ ಸಾಕು. ಕೈಯಿಳಿಸುವ ಹೊತ್ತಿಗೆ ಜೇಬಿನಲ್ಲಿದ್ದ ಫೋನು ಗುಂಯ್ ಎಂದಿತು.

ಎಂಟು ದಿನದ ಹಿಂದಿನ ಸಂದೇಶದ ಪಕ್ಕದಲ್ಲಿ ಓದಿದ ಗುರುತು ಮೂಡಿತ್ತು. ಅದರ ಕೆಳಗೆ ಹೊಸದೊಂದು.

"ಎಡಗೈ ಕಣೇ ಪೆದ್ದಿ. ಬಲಗೈಗೆ ಹಾಕ್ಕೊಂಡಿದೀಯ."

ಮಿತ್ಸುಯೊ ತನ್ನ ತೋಳನ್ನು ನೋಡಿಕೊಂಡಳು. ಹೌದು. ಹದಿನಾರು ವರ್ಷ ಎದುರು ನಿಂತು ತೊಡಿಸಿ ರೂಢಿ. ಸಾಬಾಳ ಎಡಗೈ ಯಾವತ್ತೂ ತನ್ನ ಬಲಕ್ಕೇ ಇರುತ್ತಿತ್ತು. ತಾನೇ ತೊಡುವಾಗ ಕೈ ತನ್ನಷ್ಟಕ್ಕೆ ಆ ಕಡೆಗೇ ಹೋಗಿತ್ತು. ಅವಳು ಅಲ್ಲೇ ನೆಲದ ಮೇಲೆ ಕುಳಿತು ನಕ್ಕಳು, ಅತ್ತಳು, ಮತ್ತೆ ನಕ್ಕಳು. "ಇದಾರಾ?" ಎಂದು ಮುದುಕ ಕೇಳಿದ. "ಇದಾಳೆ," ಎಂದಳು.

ಮತ್ತೊಂದು ಸಂದೇಶ ಬಂತು. "ಚಾರ್ಜರ್ ಮನೇಲೇ ಬಿಟ್ಟಿದ್ದೆ. ಅಮ್ಮ ಈಗ ತಂದುಕೊಟ್ಟು ಹೋದ್ಳು. ಪರದೆ ಸಂದಿಯಿಂದ ಎಲ್ಲ ಕಾಣ್ತಿದೆ. ಕೆಳಗೆ ಹತ್ತೊರಿ ಉಮೆಕೊ ಅಂತ ಕೇಳು. ನಗಬೇಡ, ಅಜ್ಜಿ ಇಟ್ಟ ಹೆಸರು."

ನಗದಿರಲು ಹೇಗಾಗುತ್ತದೆ. ರಾಕ್ಷಸ ಸೇನಾಪತಿಯಾಗಿ, ಹಿಮದ ರಾಜಕುಮಾರನಾಗಿ, ಕಡಲರಾಣಿಯಾಗಿ ಮೆರೆದವಳು, ಕಡೆಗೆ ಪಕ್ಕದ ಮನೆ ಉಪ್ಪಿನಕಾಯಿ ಅಜ್ಜಿಯಂಥ ಉಮೆಕೊ. ಉಮೆ ಎಂದರೆ ಉಪ್ಪಿನಕಾಯಿ ಹಾಕುವ ಹುಳಿಹಣ್ಣು, ಉಮೆಕೊ ಹಳೇ ಕಾಲದ ಅಜ್ಜಿಯರ ಹೆಸರು.

ಕೌಂಟರಿನಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಹುಡುಗಿ ಒಂದು ಚೀಟಿ ಕೊಟ್ಟಳು. ಮಿತ್ಸುಯೊ ಅದರಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ರೋಗಿಗೆ ಏನಾಗಬೇಕು ಎಂಬ ಜಾಗದಲ್ಲಿ ಗೆಳತಿ ಎಂದು ಬರೆದಳು.

ಉಮೆಕೊ ದಿಂಬಿಗೆ ಒರಗಿ ಕೂತಿದ್ದಳು. ಬಣ್ಣವಿಲ್ಲದ ಮುಖ, ಒಡೆದ ತುಟಿ, ಎಣ್ಣೆಜಿಡ್ಡಿನ ಕೂದಲು. ಅಳತೆಗಳೆಲ್ಲ ತಪ್ಪಿಹೋಗಿದ್ದವು, ಮಣಿಕಟ್ಟು ಹದಿಮೂರೂ ಇದ್ದಂತಿರಲಿಲ್ಲ.

"ಗಡ್ಡೆ ಕೆಟ್ಟದ್ದಲ್ವಂತೆ," ಎಂದಳು ಉಮೆಕೊ ಮೊದಲೇ. "ನೀನು ಆ ಮುಖ ಮಾಡ್ಬೇಡ."

"ನನ್ನ ಹೆಸರು ಕುರಾತಾ ಮಿತ್ಸುಯೊ."

"ನಿನ್ನದು ಮಾತ್ರ ನೆಟ್ಟಗಿದೆ. ಮೋಸ."

ಮಿತ್ಸುಯೊ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. "ಉಮೆಕೊ, ನಾನಿನ್ನು ಮಾಡಲ್ಲ ಕಣೇ. ಏಡಿನೂ ಬೇಡ, ಕತ್ತಿ-ಗುರಾಣಿನೂ ಬೇಡ. ಸುಸ್ತಾಗಿದೆ."

ಉಮೆಕೊ ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡಳು.

"ನಂಗೆ ಐದು ವರ್ಷದಿಂದ ಸುಸ್ತಾಗಿದೆ," ಎಂದಳು. "ಆ ಭಾರ ಹೊತ್ಕೊಂಡು ಇಡೀ ದಿನ ನಿಲ್ಲೋದು ಅಂದ್ರೆ ಏನು ಅಂದ್ಕೊಂಡಿದೀಯ? ನೀನು ಅಷ್ಟು ಆಸೆಯಿಂದ ಮಾಡ್ತೀಯಲ್ಲ ಅಂತ ಹಾಕ್ಕೋತಿದ್ದೆ. ಬೇಡ ಅಂದ್ರೆ ನೀನು ಬರೋದು ನಿಲ್ಲಿಸಿಬಿಡ್ತೀಯೇನೋ ಅಂತ."

ಉಮೆಕೊಗೆ ನಗು ಬಂತು, ಹೊಲಿಗೆ ಎಳೆದಂತಾಗಿ ಹೊಟ್ಟೆ ಹಿಡಿದುಕೊಂಡಳು. "ಅಯ್ಯೋ ನಗಿಸ್ಬೇಡ, ನಗಿಸ್ಬೇಡ," ಎಂದು ಗೋಗರೆದಳು. ಮಿತ್ಸುಯೊ ಅವಳ ಕೈ ಹಿಡಿದುಕೊಂಡಳು. ಅಳತೆ ತೆಗೆಯಲಲ್ಲದೆ ಆ ಕೈಯನ್ನು ಹಿಡಿದದ್ದು ಅದೇ ಮೊದಲು.

ರೋಗಿಗಳನ್ನು ನೋಡುವ ಹೊತ್ತು ಮುಗಿಯಿತೆಂದು ನರ್ಸ್ ಬಂದು ಹೇಳಿದಳು. ಮಿತ್ಸುಯೊ ಸೂಟ್‌ಕೇಸಿನ ಹಿಡಿಗೆ ಕೈಹಾಕಿದಳು.

"ಮುಂದಿನ ಭಾನುವಾರ ಬರ್ತೀಯಾ?"

"ಬರ್ತೀನಿ. ಬರಿಗೈಲಿ ಬರ್ತೀನಿ, ನೋಡ್ತಿರು."

"ಬರಿಗೈಲಿ ಬಂದೀಯ, ಜೋಕೆ," ಎಂದಳು ಉಮೆಕೊ, ದನಿ ತಗ್ಗಿಸಿ, ಬಾಗಿಲ ಕಡೆ ಕಣ್ಣಿಟ್ಟು. "ಒಂದು ಪೊಟ್ಟಣ ಉಪ್ಪು ತಗೊಂಡು ಬಾ."