ಬೆನ್ನು ತಿರುಗಿಸಿ ಕೂಗಿದ ಹೆಸರು

ಒಲೆಯ ಮೇಲಿನ ಕಾಫಿ ಉಕ್ಕುವುದರೊಳಗೆ ಮಾಯ್ಲೆನ್ ಹೆಲ್ಸಿಂಕಿಯಿಂದ ಬಂದ ಪತ್ರವನ್ನು ಮೂರನೆಯ ಸಲ ಓದಿದಳು. ದ್ವೀಪದ ಬೆಸ್ತರ ಬದುಕಿನ ಹಳೆಯ ಫಿನ್ನಿಷ್ ಕಾದಂಬರಿಯೊಂದನ್ನು ಅವಳು ಎರಡು ವರ್ಷದಿಂದ ತನ್ನ ತಾಯಿನುಡಿ ಸ್ವೀಡಿಷ್‌ಗೆ ಅನುವಾದಿಸುತ್ತಿದ್ದಳು. ಅದು ಅವಳ ಮೊದಲ ಪುಸ್ತಕ.

‘ಊರ ಹಿರಿಯ ಎಲ್ಲರೆದುರು ತಿರಸ್ಕಾರದಿಂದ ಬೆನ್ನು ತಿರುಗಿಸಿ ಆ ವಿಧವೆಯ ಹೆಸರು ಕೂಗುತ್ತಾನೆ. ಅವಳು ಅಳುತ್ತಾಳೆ. ಅಷ್ಟು ಅವಮಾನವಾದ ಮೇಲೂ ಅದೇ ದ್ವೀಪದಲ್ಲಿ ಉಳಿಯುವುದೇಕೆ?’ ಎಂದು ಪ್ರಕಾಶಕಿ ಕೇಳಿದ್ದರು. ಸೋಮವಾರದೊಳಗೆ ಸರಿಯಾದ ಉತ್ತರ ಬಾರದಿದ್ದರೆ ಪುಸ್ತಕವನ್ನು ಕೈಬಿಡುವುದಾಗಿಯೂ ಬರೆದಿದ್ದರು.

ಏಕೆಂಬುದು ಮಾಯ್ಲೆನ್‌ಗೂ ಗೊತ್ತಿರಲಿಲ್ಲ. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

“ಎಷ್ಟು ಸಲ ಓದಿದ್ರೂ ಅದ್ರಲ್ಲಿರೋದು ಅಷ್ಟೇ ಕಣೇ,” ಎಂದು ಅತ್ತೆ ವಿಯೆನೊ ಒಣಗಿದ ಉಣ್ಣೆಯ ಕೈಗವಸುಗಳನ್ನು ಅವಳ ಮಡಿಲಿಗೆ ಎಸೆದಳು. “ಏಳು. ಹನ್ನೆರಡು ವರ್ಷ ಆದ್ಮೇಲೆ ಈ ಸಲ ಸಮುದ್ರ ಗಟ್ಟಿಯಾಗಿ ಹೆಪ್ಪುಗಟ್ಟಿದೆ. ದೊಡ್ಡ ಬಲೆ ಇಳಿಸಿದಾರೆ, ಎಳೆಯೋಕೆ ಜನ ಸಾಲ್ತಿಲ್ಲ.”

“ನಂಗೇನು ಬರುತ್ತೆ ಅತ್ತೆ?”

“ಹಗ್ಗ ಹಿಡಿಯೋಕೆ ಬರಲ್ವಾ? ಅದಕ್ಕೆ ನಿಘಂಟು ಬೇಡ.”

ಮಂಜುಗಡ್ಡೆ ಕೊರೆದ ಕಂಡಿಯ ಬಳಿ ನಿಂತು ಮಧ್ಯಾಹ್ನದವರೆಗೆ ಎಳೆದರು. ಮಾಯ್ಲೆನ್‌ಳ ತೋಳು ಸೋತು ಹೋಯಿತು. ಈ ಊರಿಗೆ ಬಂದು ಆರು ವರ್ಷವಾಗಿದ್ದರೂ ಎಲ್ಲರ ಬಾಯಲ್ಲಿ ಅವಳಿನ್ನೂ ‘ವಿಯೆನೊ ಸೊಸೆ’. ಕೊನೆಗೂ ಬಲೆ ಮೇಲೆ ಬಂತು. ಬೆಳ್ಳಿಯಂಥ ಸಿಲಕ್ಕ ಮೀನುಗಳು ಹಿಮದ ಮೇಲೆ ಚಡಪಡಿಸಿದವು. ಎಂಬತ್ತರ ಮುದುಕ ಓಯ್ವ ಅವನ್ನು ಸಲಿಕೆಯಿಂದ ಸಾಲಾಗಿ ರಾಶಿ ಹಾಕಿ, ರಾಶಿಗಳಿಗೆ ಬೆನ್ನು ತಿರುಗಿಸಿ ನಿಂತ.

ವಿಯೆನೊ ಒಂದು ರಾಶಿಗೆ ಕೋಲು ತಾಗಿಸಿದಳು. “ಇದು ಯಾರಿಗೆ? ಕದ್ದು ನೋಡ್ಬೇಡ ಮುದುಕಾ!”

“ಮುಂದಿರೋದೇ ಕಾಣ್ಸಲ್ಲ, ಹಿಂದಿರೋದು ಕಾಣುತ್ತಾ? ನಿಂಗೇ ಇರ್ಲಿ, ತಗೋ!”

“ಇದು?”

“ಮಾಯ್ಲೆನ್‌ಗೆ!”

ಮಾಯ್ಲೆನ್ ಬೆಚ್ಚಿದಳು. “ಅತ್ತೆ, ನಮ್ಮನೆ ಪಾಲು ಬಂತಲ್ಲ?”

“ಅದು ನನ್ನ ತೋಳಿಗೆ, ಇದು ನಿನ್ನ ತೋಳಿಗೆ. ಹಗ್ಗ ಎಳೆದೋರಿಗೆಲ್ಲ ಪಾಲುಂಟು.”

“ಮತ್ತೆ ಅಜ್ಜ ಯಾಕೆ ಆ ಕಡೆ ತಿರುಗಿರೋದು?”

“ನೋಡ್ಕೊಂಡು ಹಂಚಿದ್ರೆ ದೊಡ್ಡ ರಾಶಿ ಅವನ ತಂಗಿಗೇ ಹೋಗುತ್ತೆ ಅಂತ! ನಮ್ಮಜ್ಜಿ ಕಾಲದಿಂದ್ಲೂ ಹೀಗೇ. ಯಾವ ರಾಶಿ ಯಾರಿಗೆ ಅಂತ ಕಾಣ್ಬಾರ್ದು.”

ಮಾಯ್ಲೆನ್ ಖಾಲಿ ಬಕೆಟ್ ಹಿಡಿದು ಹಾಗೇ ನಿಂತಳು. ಕಾದಂಬರಿಯ ವಿಧವೆಯೂ ಸಮುದ್ರದ ಪಾಲಾದ ಗಂಡನ ಜಾಗದಲ್ಲಿ ಹಗ್ಗ ಹಿಡಿಯಲು ಬಂದಿದ್ದಳು. ಆ ದಿನ ಪಾಲು ಹಂಚುವಾಗ ಹಿರಿಯ ಕೂಗಿದ್ದು ಗಂಡನ ಹೆಸರನ್ನಲ್ಲ, ಅವಳದೇ ಹೆಸರನ್ನು.

ಮನೆಗೆ ಬಂದವಳೇ ಒದ್ದೆ ಕೈಯಲ್ಲೇ ಮೂಲದ ಪುಟ ತೆರೆದಳು. ‘ತಿರಸ್ಕಾರದಿಂದ’ ಎಂಬ ಮಾತು ಅಲ್ಲಿ ಇರಲೇ ಇಲ್ಲ. ಅರ್ಥವಾಗದ ಕಡೆ ಅದನ್ನು ಸೇರಿಸಿದವಳು ತಾನೇ. ಆ ಒಂದು ಪದವನ್ನು ಹೊಡೆದುಹಾಕಿ, ‘ಮೀನಿನ ರಾಶಿಗಳಿಗೆ ಬೆನ್ನು ತಿರುಗಿಸಿ’ ಎಂದು ತಿದ್ದಿದಳು. ‘ತಪ್ಪು ಕಾದಂಬರಿಯದಲ್ಲ, ನನ್ನದು’ ಎಂದು ಆರಂಭಿಸಿ, ಮಂಜುಗಡ್ಡೆಯ ಮೇಲೆ ಕಂಡದ್ದನ್ನೆಲ್ಲ ಪ್ರಕಾಶಕಿಗೆ ಬರೆದಳು.

ಸೋಮವಾರ ಉತ್ತರ ಬಂತು: ‘ಈಗ ಅವಳು ಅತ್ತದ್ದೂ ಅರ್ಥವಾಯಿತು, ಉಳಿದದ್ದೂ ಅರ್ಥವಾಯಿತು. ಮುಂದಿನ ಅಧ್ಯಾಯಗಳನ್ನು ಕಳಿಸಿ.’

ಮಾಯ್ಲೆನ್ ಓದಿ ಮುಗಿಸುವಷ್ಟರಲ್ಲಿ ಅಂಗಳದಿಂದ ಓಯ್ವನ ದನಿ ಕೇಳಿಸಿತು. “ಮಾಯ್ಲೆನ್! ನಾಳೆ ಮತ್ತೆ ಬಲೆ ಇಳಿಸ್ತೀವಿ, ಬರ್ತೀಯಾ?”

“ಬಂದೇ ಬರ್ತೀನಿ ಅಜ್ಜಾ,” ಎಂದಳು ಅವಳು, ಕೈಗವಸುಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಒಣಹಾಕುತ್ತಾ.