ಮಲಕಾರಿಯ ಹೆಸರಿಗೆ ಕೊಟ್ಟ ತೋಳು

"ಕುಡದ ಸತ್ತಾನ ನಿನ್ನ ಗಂಡ! ಸುಮ್ಮ ಸಹಿ ಮಾಡಿ ಹೋಗ ಬೇ, ನನ್ನ ಹೊತ್ತ ಹಾಳ ಮಾಡಬ್ಯಾಡ."

ನಿಪ್ಪಾಣಿಯ ಆಫೀಸಿನಲ್ಲಿ ಏಜೆಂಟ ಸಂಗ್ರಾಮ, ಗಂಡ ಕುಡಿದು ಸತ್ತ, ಪರಿಹಾರ ಬೇಡ ಎಂದು ಬರೆದಿದ್ದ ಕಾಗದವನ್ನು ಕೆಂಚವ್ವನ ಮುಂದೆ ಎಸೆದ. ಕಬ್ಬೂರಿನಿಂದ ಅವಳ ಜೊತೆ ಬಂದಿದ್ದ ರಾಜಾರಾಮ ಬಾಗಿಲಲ್ಲೇ ನಿಂತಿದ್ದ. ಅವನನ್ನೂ ಅವಳ ಗಂಡ ಮಲಕಾರಿಯನ್ನೂ ಮುಂಬಯಿ ಕಡಲಿನ ಎಣ್ಣೆ ಬಾವಿಗೆ ಕೂಲಿಗೆ ಕಳಿಸಿದವನು ಇದೇ ಸಂಗ್ರಾಮ.

"ಅಲ್ಲಿ ದಾರು ಎಲ್ಲಿ ಸಿಗತೈತ್ರಿ ದಾದಾ?" ಎಂದ ರಾಜಾರಾಮ. "ಹೆಲಿಕಾಪ್ಟರ ಹತ್ತೂಮುಂದ ಕಡ್ಡಿಪೆಟ್ಟಿಗಿ ಸೈತ ಕಸ್ಕೋತಾರ."

"ಹಂಗಾರ ಹ್ಯಾಂಗ ಸತ್ತಾ? ನೋಡ, ಡಾಕ್ಟರ ಸರ್ಟಿಫಿಕೇಟ. ಬಿಪಿ ನೂರಾ ಇಪ್ಪತ್ತ, ಎಂಬತ್ತ. ಎತ್ತಿನಂಗ ಗಟ್ಟಿದ್ದಾ ಸುವ್ವರ!"

ರಾಜಾರಾಮ ಬಗ್ಗಿ ಆ ಸರ್ಟಿಫಿಕೇಟ ನೋಡಿದ. ಕಡಲಿನಲ್ಲಿ ಇವನಿಗೂ ಮಲಕಾರಿಗೂ ಒಂದೇ ಹಾಸಿಗೆ. ಹಗಲಿನ ಹನ್ನೆರಡು ತಾಸು ಇವನ ದುಡಿತ, ರಾತ್ರಿಯ ಹನ್ನೆರಡು ತಾಸು ಮಲಕಾರಿಯದು. ಒಬ್ಬ ಎದ್ದ ಜಾಗದಲ್ಲಿ ಇನ್ನೊಬ್ಬ ಮಲಗಬೇಕು. ಹದಿನಾಲ್ಕು ದಿನಕ್ಕೆ ದಡಕ್ಕೆ ಇಳಿಸುತ್ತೇವೆ ಎಂದವರು, ಬದಲಿ ಆಳು ಬಂದಿಲ್ಲವೆಂದು ನಲವತ್ತೇಳು ದಿನ ಇಟ್ಟುಕೊಂಡಿದ್ದರು. "ನಿದ್ದಿ ಹತ್ತವಲ್ದೋ ರಾಜ್ಯಾ, ತಲಿಯೊಳಗ ಮಷೀನ ಹೊಡಕೋತೈತಿ" ಎನ್ನುತ್ತಿದ್ದ ಮಲಕಾರಿ. ಆ ಸಂಜೆ ಇವನು ಕೆಲಸ ಬಿಟ್ಟು ಬಂದಾಗ ಅವನು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅಲುಗಿಸಿದರೆ ಮೈ ತಣ್ಣಗಿತ್ತು.

"ದಾದಾ, ಆ ಬಿಪಿ ನಂದು."

"ಏನ ಬೊಗಳಾಕತ್ತೀ?"

"ಮಲಕಾರೀದು ನೂರಾ ತೊಂಬತ್ತ ಇತ್ತು. ಕೆಲಸ ಹೋಗ್ತೈತಿ ಅಂತ ಅತ್ತಾ. ನೀವ ನನ್ನ ತೋಳ ಹಿಡದ ಡಾಕ್ಟರ ಮುಂದ ಅವನ ಹೆಸರಿಗೆ ಕೂಡ್ರಿಸಿದ್ರಿ. ಗೆಳ್ಯಾಗ ಅಲ್ಲೇನ ಅಂತ ನಾನೂ ಕುಂತೆ."

"ಲೇ ಭೋಸಡೀಕೆ, ಜೇಲಿಗೆ ನೀನ ಹೋಗ್ತಿ!"

"ಹೋಗ್ತೇನ್ರಿ. ನಿಮ್ಮನ್ನೂ ಕರಕೊಂಡ ಹೋಗ್ತೇನಿ."

ಕೆಂಚವ್ವ ನಿಧಾನವಾಗಿ ಇವನ ಕಡೆ ತಿರುಗಿದಳು.

"ಅಣ್ಣಾ, ಆವತ್ತ ನೀ ಒಲ್ಲೆ ಅಂದಿದ್ರ ಅವ್ರು ಮನ್ಯಾಗ ಇರ್ತಿದ್ರಲ್ಲ?"

ರಾಜಾರಾಮ ಮೇಜಿನ ಹತ್ತಿರ ಬಂದ.

ಅವಳು ಮೇಜಿನ ಮೇಲಿನ ಕಾಗದವನ್ನು ಮಗುಚಿ ಹಾಕಿ ಪೆನ್ನು ಅವನ ಕೈಗೆ ಕೊಟ್ಟಳು. "ಈಗ ಹೇಳಿದ್ದೆಲ್ಲಾ ಬರಿ. ಇವನ ಹೆಸರ ಬರಿ. ನಿಂದೂ ಬರಿ."

ಸಂಗ್ರಾಮ ಕಾಗದ ಕಸಿಯಲು ಕೈ ಚಾಚಿದ. ಅವಳು ಅದರ ಮೇಲೆ ಅಂಗೈ ಊರಿದಳು. "ಮುಟ್ಟಿ ನೋಡ, ಭಾಡ್ಯಾ!"

ರಾಜಾರಾಮ ಬರೆದ. ಅಕ್ಷರ ಸೊಟ್ಟಾದವು. ಅವಳು ಒಂದೊಂದೇ ಸಾಲು ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ ಸ್ಟ್ಯಾಂಡಿನವರೆಗೆ ಅವಳು ಮುಂದೆ, ಇವನು ಹಿಂದೆ.

ಚಿಕ್ಕೋಡಿ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿತ್ತು. ಅವನು ಕೂಡಲು ಬಗ್ಗಿದ. ಕಿಟಕಿಯಿಂದ ಕಣ್ಣು ಕೀಳದೆ, ಕೆಂಚವ್ವ ತನ್ನ ಕೈಚೀಲವನ್ನು ಆ ಸೀಟಿನ ಮೇಲಿಟ್ಟಳು.