ತಪ್ಪಾಗಿ ಕೂರದ ಹಾಗೆ

ಊಟದ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಾಗ ಕಾರ್ಖಾನೆಯ ಫೋರ್‌ಮನ್ ಬಾಗಿಲಲ್ಲಿ ಬಂದು ನಿಂತ. ಗಂಡ ಮರೆತುಹೋದ ಡಬ್ಬಿಗೇ ಬಂದನೆಂದುಕೊಂಡು ಅವಳು ಅದನ್ನು ಮುಂದೆ ಚಾಚಿದಳು. ಅವನು ಕೈ ನೀಡಲಿಲ್ಲ.

“ಡಬ್ಬಿ ಬೇಡ ಅಕ್ಕ. ಅಣ್ಣ ಮೇಜಿಗೆ ಒರಗಿದವರು ಮತ್ತೆ ಏಳಲೇ ಇಲ್ಲ.”

ಮಾರನೆಯ ದಿನ ಅಂತ್ಯಕ್ರಿಯೆ ಮುಗಿಸಿ ಬಂದವರೆಲ್ಲ ಅಂಗಳದಲ್ಲಿ ಕೂತಿದ್ದರು.

“ಮದುವೆ ದಿನವೂ ಜೇಬಲ್ಲಿ ಅಳತೆಪಟ್ಟಿ ಇಟ್ಕೊಂಡಿದ್ದ ಪುಣ್ಯಾತ್ಮ,” ಎಂದಳು ಗಂಡನ ಅಕ್ಕ. “ಇಬ್ಬರ ಕುರ್ಚಿನೂ ಒಂದೇ ಎತ್ತರ ಇದೆಯಾ ಅಂತ ಅಳೆದೇ ಕೂತಿದ್ದು.”

ಅಳುತ್ತಿದ್ದವರೂ ನಕ್ಕರು. ಫೋರ್‌ಮನ್ ಮಾತ್ರ ತಲೆ ತಗ್ಗಿಸಿದ್ದ.

“ಏನಪ್ಪಾ, ಮನಸ್ಸಲ್ಲಿ ಏನೋ ಇಟ್ಕೊಂಡಿದೀಯ,” ಎಂದಳು ಹೆಂಡತಿ.

“ಅಣ್ಣ ನಕ್ಷೆ ಹಾಕಿದ ಕೊನೇ ಫಿಕ್ಸ್ಚರ್, ಅಕ್ಕ. ಬಸ್ಸಿನ ಬ್ರೇಕ್ ಲಿವರನ್ನ ಆ ಕಬ್ಬಿಣದ ಅಚ್ಚಲ್ಲಿ ಕೂರಿಸಿ ತೂತು ಸರಿಯಿದೆಯಾ ಅಂತ ನೋಡೋದು. ಆದ್ರೆ ಲಿವರ್ ಮಗುಚಿ ಇಟ್ರೂ ಕೂರುತ್ತೆ. ಆಗ ಕೆಟ್ಟದ್ದೂ ಪಾಸಾಗಿಬಿಡುತ್ತೆ. ನಾಳೆ ಗುಜರಿಗೆ ಹಾಕಿ ಅಂದ್ರು ಸಾಹೇಬರು.”

ಅವಳು ತಟ್ಟನೆ ಎದ್ದಳು. “ಅದಿನ್ನೂ ನನ್ನ ಕೈಗೇ ಬಂದಿಲ್ವಲ್ಲ. ಇವತ್ತೇ ಇಲ್ಲಿಗೆ ತಗೊಂಡು ಬಾರಪ್ಪ.”

* * *

ಹೊಸ ಫಿಕ್ಸ್ಚರ್ ಸಿದ್ಧವಾದಾಗಲೆಲ್ಲ ಅವಳ ಯಜಮಾನರು ಅದನ್ನು ಮನೆಗೆ ಹೊತ್ತು ತಂದು, ಅಡುಗೆಮನೆಯ ಮೇಜಿನ ಮೇಲೆ ಇಡುತ್ತಿದ್ದರು.

“ಕಣ್ಣು ಮುಚ್ಚೇ. ಈಗ ತಪ್ಪು ಮಾಡು ನೋಡೋಣ.”

“ಬೇಕಂತಲೇ ತಪ್ಪು ಮಾಡೋರು ಯಾರಿದಾರೆ ರೀ?”

“ಯಾರೂ ಇಲ್ಲ. ದಣಿದ ಕೈ ತಾನಾಗಿ ಮಾಡುತ್ತೆ. ನಿನ್ನ ಕೈಗೆ ತಪ್ಪು ಮಾಡೋಕೆ ದಾರಿ ಸಿಕ್ಕಿದ್ರೆ ತಪ್ಪು ನಂದು.”

ಅವಳು ಬಿಡಿಭಾಗವನ್ನು ಅದರಲ್ಲಿ ಮಗುಚಿ, ತಿರುವಿ, ಅಡ್ಡಡ್ಡ ತುರುಕಿ ನೋಡುವಳು. ಅಪ್ಪಿತಪ್ಪಿ ಕೂತುಬಿಟ್ಟರೆ, “ಸಿಕ್ಕಿಬಿದ್ದೆ,” ಎಂದು ಮಗುವಿನಂತೆ ನಗುತ್ತ ಮತ್ತೆ ನಕ್ಷೆಗೆ ಕೂರುವರು.

* * *

“ಇವತ್ತೂ ಕಾರ್ಖಾನೆ ಕೆಲಸಾನಾ?” ಎಂದು ಗಂಡನ ಅಕ್ಕ ಗೊಣಗಿದಳು.

“ಅವರು ಅರ್ಧಕ್ಕೆ ಬಿಟ್ಟು ಹೋಗೋರಲ್ಲ ಅತ್ತಿಗೆ.”

ಸಂಜೆಯೊಳಗೆ ಫೋರ್‌ಮನ್ ಫಿಕ್ಸ್ಚರ್ ತಂದು ಅದೇ ಮೇಜಿನ ಮೇಲಿಟ್ಟ. ಅವಳು ಕಣ್ಣು ಮುಚ್ಚಿದಳು. ಲಿವರ್ ಇಟ್ಟಳು, ಕೂತಿತು. ಮಗುಚಿ ಇಟ್ಟಳು, ಆಗಲೂ ಕೂತಿತು. ಸುತ್ತಲೂ ಬೆರಳಾಡಿಸಿದಳು. ಸರಿಯಾಗಿ ಕೂತಾಗ ಒಂದು ಮೂಲೆ ಖಾಲಿ. ಮಗುಚಿದಾಗ ಲಿವರಿನ ಬಾಗಿದ ತುದಿ ಬಂದು ಅದೇ ಮೂಲೆ ಸೇರುತ್ತಿತ್ತು. ಲಿವರ್ ತೆಗೆದು, ಆ ಮೂಲೆಯಲ್ಲಿ ಬೆರಳೂರಿದಳು.

“ಈಗ ಮಗುಚಿ ಇಡಪ್ಪ.”

ಫೋರ್‌ಮನ್ ಇಟ್ಟ. ಬೆರಳಿಗೆ ತಾಗಿ ಲಿವರ್ ಎದ್ದು ನಿಂತಿತು. ನೇರ ಮಾಡಿ ಇಟ್ಟ, ಗಪ್ಪನೆ ಕೂತಿತು.

“ಇಲ್ಲೊಂದು ಪಿನ್ನು ಬೇಕು, ಅಷ್ಟೆ,” ಎಂದಳು.

“ಗುಜರಿ ಮಾತು ಮುಗೀತು. ಬೆರಳು ತೆಗೀಬೇಡಿ ಅಕ್ಕ.” ಫೋರ್‌ಮನ್ ಜೇಬಿನಿಂದ ಸೀಮೆಸುಣ್ಣ ತೆಗೆದು ಬೆರಳ ಸುತ್ತ ಗೆರೆ ಎಳೆಯತೊಡಗಿದ.

ಅತ್ತಿಗೆ ಬಗ್ಗಿ ನೋಡಿದಳು. “ಗುಂಡಗೆ ಬರಿಯಪ್ಪ. ಸೊಟ್ಟ ಕಂಡ್ರೆ ಅವನಿಗೆ ಆಗಲ್ಲ.”

ಅವಳು ಬೆರಳು ತೆಗೆದಳು. ಕಪ್ಪು ಕಬ್ಬಿಣದ ಮೇಲೆ ಪುಟ್ಟ ಬಿಳಿ ಉಂಗುರ ಉಳಿಯಿತು. ಅದರ ಮುಂದೆಯೇ ಅವಳು ಕೈ ಮುಗಿದಳು.

“ದೇವರೇ, ದಣಿದವರ ಕೈ ತಪ್ಪದಿರಲಿ ಅಂತ ಬದುಕಿದ ಜೀವ ಇದು. ನಿನ್ನ ಹತ್ತಿರ ನೆಮ್ಮದಿಯಾಗಿ ಕೂರೋ ಜಾಗ ಕೊಡಪ್ಪಾ.”